ಸೀಗೆಪುಡಿಗೆ ಉಪ್ಪು ಕಮ್ಮಿಯಂತೆ

ಸ್ನೇಹಿತರೇ, ನಮ್ಮ ಸೀಗೆಪುಡಿಯನ್ನು ಯಾರೂ ಮುಟ್ಟಲೇ ಇಲ್ಲವೆಂದು ರಾತ್ರಿ ಕನಸು ಬಿದ್ದಿತ್ತು. ಕಾಡಿನಿಂದ ನಾವೇ ಆರಿಸಿ ತಂದು ಕುಟ್ಟಿದ್ದು. ಇವತ್ತು ಹೆಬ್ಬಾಳದ ಅಪಾರ್ಟ್‌ಮೆಂಟೊಂದರ ವಾರದ ಸಂತೆಯಲ್ಲಿ ನಮ್ಮ ಮಹಿಳಾ ಸಂಘಕ್ಕೆ ಮೊದಲ ಸಲ ಮಾರಾಟದ ಮೇಜು ಸಿಕ್ಕಿತ್ತು. ಮುಂದೆಯೂ ಕೊಡುವುದು ಬಿಡುವುದು ಅಲ್ಲಿನ ಸೆಕ್ರೆಟರಿಯವರ ಕೈಯಲ್ಲಿ.

ಪಕ್ಕದ ಮೇಜಿನವರು ಚಟ್ನಿಪುಡಿಯ ರುಚಿ ತೋರಿಸುತ್ತಿದ್ದರು. ನಮ್ಮ ಸಂಘದ ರತ್ನ ಘಮ ನೋಡಲೆಂದು ಸೆಕ್ರೆಟರಿಯವರ ಅಂಗೈಗೆ ಚಿಟಿಕೆ ಸೀಗೆಪುಡಿ ಹಾಕಿದಳು. ಅವರು ಫೋನಿನಲ್ಲಿ ಮಾತಾಡುತ್ತಲೇ ಬಾಯಿಗೆ ಹಾಕಿಕೊಂಡರು!

"ಅಯ್ಯೋ ಸಾರ್, ಅದು ತಲೆಗೆ ಹಚ್ಕೊಳ್ಳೋದು!" ಎಂದೆ. ಫೋನು ಕಿವಿಯಲ್ಲೇ ಇತ್ತು, ಅವರಿಗೆ ಕೇಳಿಸಲಿಲ್ಲ.

"ಹುಳಿ ಚೆನ್ನಾಗಿದೆ ಕಣಮ್ಮ, ಉಪ್ಪು ಸ್ವಲ್ಪ ಕಮ್ಮಿ. ಮುಂದಿನ ವಾರಾನೂ ಬನ್ನಿ" ಎಂದು ಎರಡು ಪೊಟ್ಟಣ ಕೊಂಡು ಹೊರಟೇಬಿಟ್ಟರು.

"ಸುಮ್ಕಿರಕ್ಕ, ಮೇಜು ಸಿಕ್ತಲ್ಲ" ಎಂದಳು ರತ್ನ.

ನನಗೆ ಅವರ ಮನೆಯ ಊಟದ್ದೇ ಚಿಂತೆ. ನಿಮ್ಮಲ್ಲಿ ಆ ಅಪಾರ್ಟ್‌ಮೆಂಟಿನವರು ಯಾರಾದರೂ ಇದ್ದರೆ, ಪೊಟ್ಟಣ ಅಡುಗೆಮನೆಯಲ್ಲಿದೆಯೋ ಬಚ್ಚಲಲ್ಲಿದೆಯೋ ದಯವಿಟ್ಟು ಒಮ್ಮೆ ನೋಡಿ ಹೇಳಿ.