ಮುಚ್ಚಳದ ತೂತು

ಅವರ ಬಲಗೈ ಎಡಗೈಗಿಂತ ದಪ್ಪವಾಗಿತ್ತು. ದರ್ಜಿ ಅವರ ಅಂಗಿಯ ಬಲತೋಳನ್ನು ಎರಡು ಬೆರಳು ಹೆಚ್ಚು ಅಗಲವಾಗಿಯೇ ಹೊಲಿಯಬೇಕಿತ್ತು. ರಾಣೇಬೆನ್ನೂರಿನ ದೊಡ್ಡ ರಸ್ತೆಯ ಪೆಟ್ರೋಲ್ ಪಂಪಿನಲ್ಲಿ ಹಿಡಿಕೆ ಎಳೆದೂ ಎಳೆದೂ ಹಾಗಾದ ತೋಳು ಅದು. ಆಗ ಕರೆಂಟಿನ ಪಂಪು ಎಲ್ಲಿ? ಒಂದು ಕಬ್ಬಿಣದ ಕಂಬ, ಅದರ ತಲೆಯ ಮೇಲೆ ಎರಡು ಗಾಜಿನ ಭರಣಿ. ಹಿಡಿಕೆಯನ್ನು ಹಿಂದೆ ಮುಂದೆ ಆಡಿಸಿದರೆ ನೆಲದೊಳಗಿನ ಟಾಕಿಯಿಂದ ಪೆಟ್ರೋಲು ಒಂದು ಭರಣಿಗೆ ಏರುತ್ತಿತ್ತು. ಅದು ರಬ್ಬರ್ ನಳಿಗೆಯಿಂದ ಗಾಡಿಗೆ ಇಳಿಯುವಷ್ಟರಲ್ಲಿ ಇನ್ನೊಂದು ಭರಣಿ ತುಂಬುತ್ತಿತ್ತು. ಊರೆಲ್ಲ ಅವರನ್ನು ಪಂಪಿನ ಕಾಕಾ ಎಂದು ಕರೆಯುತ್ತಿತ್ತು. ನಾನೂ ಹಾಗೇ ಕರೆಯುತ್ತಿದ್ದೆ, ಒಂದು ದಿನದ ಹೊರತು.

ಬ್ಯಾಡಗಿಯಲ್ಲಿ ನಮ್ಮದು ಮೆಣಸಿನಕಾಯಿ ವ್ಯಾಪಾರ. ಅಪ್ಪ ಕೊಂಡ ಮೋಟಾರನ್ನು ನಾನೇ ಓಡಿಸುತ್ತಿದ್ದೆ. ಆ ಸೊಕ್ಕೂ ಇತ್ತು, ಅವಸರವೂ ಇತ್ತು. ಕಾಕಾ ಮಾತ್ರ ಯಾರ ಅವಸರಕ್ಕೂ ಬಗ್ಗಿದವರಲ್ಲ. "ಮೊದ್ಲ ಬೀಡಿ ಆರಸ್ರಿ, ಆಮ್ಯಾಲ ಮಾತಾಡೂಣು" ಎನ್ನುವರು. ನಳಿಗೆಯ ಹಿತ್ತಾಳೆ ಮೂತಿಯನ್ನು ಗಾಡಿಯ ಬಾಯಿಗೆ ಓರೆಯಾಗಿ ಇಟ್ಟು, ಪಕ್ಕದಲ್ಲಿ ಸ್ವಲ್ಪ ಸಂದು ಬಿಡುವರು. ನಾನೊಮ್ಮೆ ಬೇಗ ಆಗಲೆಂದು ಅದನ್ನು ಒತ್ತಿ ತುರುಕಿ, ಉಕ್ಕಿ ಬಂದ ಪೆಟ್ರೋಲಿನಿಂದ ಧೋತರ ತೋಯಿಸಿಕೊಂಡಿದ್ದೆ.

"ಸಣ್ಣ ಸಾಹುಕಾರ್ರ, ಗಾಡಿನೂ ಉಸಿರಾಡಬೇಕಲ್ರಿ" ಎಂದು ನಕ್ಕಿದ್ದರು. "ಒಳಗಿನ ಗಾಳಿ ಹೊರಗ ಬಂದ್ರ ಎಣ್ಣಿ ಒಳಗ ಹೋಗ್ತೈತಿ. ಈ ಮುಚ್ಚಳದಾಗೂ ಒಂದು ಸಣ್ಣ ತೂತು ಐತಿ ನೋಡ್ರಿ. ಎಣ್ಣಿ ಖರ್ಚಾದಂಗ ಅದರಾಗಿಂದ ಗಾಳಿ ಬರಬೇಕು. ಇಲ್ಲಂದ್ರ ಇಂಜಿನ್ನಿಗೆ ಎಣ್ಣಿ ಇಳಿಯಾಂಗಿಲ್ಲ." ಟೋಪಿಗೆ ಚುಚ್ಚಿಟ್ಟಿದ್ದ ಸೂಜಿಯಿಂದ ಆ ತೂತನ್ನು ಪ್ರತಿ ಸಲವೂ ಬಿಡಿಸಿಯೇ ಮುಚ್ಚಳ ಹಾಕುತ್ತಿದ್ದರು. ಕೊನೆಗೆ ನಳಿಗೆಯನ್ನು ಭುಜದ ಮೇಲೆತ್ತಿ, ಒಳಗೆ ಉಳಿದ ಪೆಟ್ರೋಲೂ ಗಾಡಿಗೇ ಇಳಿಯುವ ತನಕ ನಿಲ್ಲುವರು. ಇಂಥ ಮನುಷ್ಯನನ್ನು ನಾನು ಕಳ್ಳ ಎಂದೆ.

ಆ ವರ್ಷ ಆಯುಧ ಪೂಜೆಗೆ ಅವ್ವ ಮೋಟಾರಿಗೆ ಅರಿಸಿನ, ಗಂಧ, ಕುಂಕುಮ ಹಚ್ಚಿದಳು. ಪೆಟ್ರೋಲ್ ಹಾಕುವ ಜಾಗವೇ ಗಾಡಿಯ ಬಾಯಿ ಎಂದು ನಾನೇ ಹೇಳಿದ್ದರಿಂದ ಅದರ ಮುಚ್ಚಳಕ್ಕೆ ಇನ್ನಷ್ಟು ದಪ್ಪಗೆ ಮೆತ್ತಿದಳು. ಪೂಜೆಯದನ್ನು ಒರೆಸಬಾರದು. ಅದು ಅಲ್ಲೇ ಒಣಗಿತು. ಮರುದಿನ ತಂಗಿಯನ್ನು ನೋಡಲು ಬಂದಿದ್ದ ಗಂಡಿನ ಕಡೆಯ ಹಿರಿಯರನ್ನು ಹಾವೇರಿಗೆ ಬಿಡಲು ಹೊರಟೆ. ಮೋಟೆಬೆನ್ನೂರಿನ ಹತ್ತಿರ ಗಾಡಿ ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಹೊರಟು ಮತ್ತೆ ನಿಂತಿತು. ಮೂರನೆಯ ಸಲ ಬೀಗರಾಗಬೇಕಾದವರು ರೇಷ್ಮೆ ಧೋತರ ಎತ್ತಿಕಟ್ಟಿ ನೂಕಿದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅವರನ್ನು ಮನೆ ಮುಟ್ಟಿಸಿ, ನಿಲ್ಲುತ್ತ ಹೊರಡುತ್ತ ನೇರ ರಾಣೇಬೆನ್ನೂರಿಗೆ ಬಂದೆ. ಪಂಪಿನಲ್ಲಿ ಮಾಲಕರಿದ್ದರು, ಹಬ್ಬದ ಮಂದಿಯಿದ್ದರು.

"ಕಳ್ಳ, ಪೆಟ್ರೋಲಿನ್ಯಾಗ ನೀರು ಹಾಕಿ ಎಷ್ಟು ಮಂದಿಗೆ ಮಾರೀದಿ?" ಎಂದೆ. ಕಾಕಾ ಎನ್ನಲಿಲ್ಲ. ಅಪ್ಪನ ವಯಸ್ಸಿನವರಿಗೆ ಏಕವಚನ.

ಅವರು ಕೈ ಒರೆಸಿಕೊಂಡು, "ನೀರು ಹಾಕಿಲ್ರಿ. ಮುಚ್ಚಳ ಒಮ್ಮೆ ತಗದು ನೋಡ್ಲೇನ್ರಿ?" ಎಂದರು.

"ಗಾಡಿ ಮುಟ್ಟಬ್ಯಾಡ ನೀ!"

ನಮ್ಮಂಥ ಗಿರಾಕಿ ಕೈತಪ್ಪಿದರೆ ಎಂದು ಮಾಲಕರಿಗೆ ಭಯ. ಅಲ್ಲಿಯೇ ಪಂಪಿನ ಕೀಲಿಕೈ ವಾಪಸು ಕೇಳಿದರು. ಕಾಕಾ ಕೊಟ್ಟರು. ನಳಿಗೆಯನ್ನು ಸುತ್ತಿ ಕೊಕ್ಕೆಗೆ ಹಾಕಿ, ಯಾರ ಮುಖವನ್ನೂ ನೋಡದೆ ಹೋದರು.

ಊರಿಗೆ ಮರಳುವಾಗ ಗಾಡಿ ಮತ್ತೆ ನಿಂತಿತು. ಪೆಟ್ರೋಲು ಎಷ್ಟಿದೆ ಎಂದು ಕಡ್ಡಿ ಅದ್ದಿ ನೋಡಲು ಮುಚ್ಚಳ ತಿರುವಿದೆ. ಸುಂಯ್ ಎಂದು ಗಾಳಿ ಒಳಗೆ ನುಗ್ಗಿತು. ಮುಚ್ಚಳ ನೋಡಿದೆ. ತೂತು ಇರಬೇಕಾದಲ್ಲಿ ಒಣಗಿದ ಗಂಧ, ಕುಂಕುಮ. ಜಾಲಿಮುಳ್ಳಿನಿಂದ ಚುಚ್ಚಿ ತೆಗೆದೆ. ಬ್ಯಾಡಗಿಯವರೆಗೂ ಗಾಡಿ ಎಲ್ಲೂ ನಿಲ್ಲಲಿಲ್ಲ.

ತಿರುಗಿ ಹೋಗಿ ಮಾಲಕರಿಗೆ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡೆ. ನಾಳೆ ತಂಗಿಯ ನಿಶ್ಚಿತಾರ್ಥದ ಮಾತು ಬಂತು, ಆಮೇಲೆ ಸುಗ್ಗಿ ಬಂತು. ಇವೆಲ್ಲ ನೆವ. ನಗೆಪಾಟಲಾಗುವ ಹೆದರಿಕೆ, ಅಷ್ಟೇ. ಕಾಕಾ ತಮ್ಮ ಊರು ಐರಣಿಗೆ ಹೋದರೆಂದೂ, ನೀರು ಬೆರೆಸಿದವನೆಂದು ಬೇರೆ ಪಂಪಿನವರೂ ಸೇರಿಸಲಿಲ್ಲವೆಂದೂ ಕೇಳಿದೆ. ಕೇಳಿಯೂ ಸುಮ್ಮನಿದ್ದೆ.

ಕೆಲವು ವರ್ಷಕ್ಕೆ ಮಹಾಯುದ್ಧ ಬಂದು ಪೆಟ್ರೋಲಿಗೆ ರೇಷನ್ ಚೀಟಿಯಾಯಿತು, ಮೋಟಾರು ಶೆಡ್ಡು ಸೇರಿತು. ಆಗ ಎತ್ತಿನ ಚಕ್ಕಡಿ ಹೂಡಿಸಿಕೊಂಡು ಐರಣಿಗೆ ಹೋದೆ. ಕಾಕಾ ತೀರಿಕೊಂಡು ಎರಡು ತಿಂಗಳಾಗಿತ್ತು. ಅವರ ಹೆಂಡತಿ ನೀರು ಕೊಟ್ಟು, ನಾನು ಯಾರೆಂದು ಕೇಳಿದರು. ಹೇಳಿದೆ. ಮುಚ್ಚಳದ ವಿಷಯವನ್ನೂ ಹೇಳಿದೆ.

ಆಕೆ ಬೈಯಲಿಲ್ಲ. "ನೀವು ಬಂದಽ ಬರ್ತೀರಿ ಅಂತಿದ್ರು. ಹುಡುಗ ಕೆಟ್ಟಾಂವಲ್ಲ, ಒಂದಿನ ಮುಚ್ಚಳ ತಗೀತಾನ, ತಿಳೀತಂದ್ರ ಅವತ್ತಽ ಓಡಿ ಬರ್ತಾನ ಅಂತಿದ್ರು. ದಾರಿ ನೋಡಿದ್ರು." ಆಮೇಲೆ ಕೇಳಿದರು, "ನಿಮಗ ಯಾವಾಗ ತಿಳೀತ್ರಿ?"

ಲೋಟ ಕೆಳಗಿಟ್ಟೆ.

"ನಿನ್ನೆ ತಿಳೀತ್ರಿ, ಕಾಕು" ಎಂದೆ.