ದುಭಾಷಿ ಮೇಡಂ ಮತ್ತು ಪೂರ್ವ ದಂಡೆಯ ಊರು

ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ, ನೆತ್ತಿಯ ಮೇಲೆ ಹಾದು, ಅವರ ನರೆಗೂದಲಲ್ಲಿ ಒಂದು ತಗ್ಗು ಬಿದ್ದಿತ್ತು. ಮೂವತ್ತು ವರ್ಷ ಹೆಡ್‌ಫೋನಿನ ಪಟ್ಟಿ ಕೂತು ಕೂತು ಮಾಡಿದ ದಾರಿ ಅದು. ಎಣ್ಣೆ ಹಚ್ಚಿ ಎಷ್ಟು ಬಾಚಿದರೂ ಮುಚ್ಚುತ್ತಿರಲಿಲ್ಲ. ನೈರೋಬಿಯ ಸೌತ್ ಬಿ ಬಡಾವಣೆಯಲ್ಲಿ ನಮ್ಮ ಮಹಡಿಯಲ್ಲೇ ಎದುರು ಮನೆಯಲ್ಲಿದ್ದ ಅವರನ್ನು ನಾವು ದುಭಾಷಿ ಮೇಡಂ ಎನ್ನುತ್ತಿದ್ದೆವು.

ಅವರು ಮಂಗಳೂರಿನವರು. ಹುಡುಗಿಯಾಗಿದ್ದಾಗ ಸ್ಕಾಲರ್‌ಶಿಪ್ ಸಿಕ್ಕಿ ಒಂದು ಚಳಿದೇಶಕ್ಕೆ ಹೋಗಿ ಅಲ್ಲಿನ ಭಾಷೆ ಕಲಿತು, ಮದುವೆಯ ಗೋಜಿಗೆ ಹೋಗದೆ, ಕೆಲಸ ಹಿಡಿದು ನೈರೋಬಿಗೆ ಬಂದು ಇಲ್ಲೇ ಉಳಿದುಬಿಟ್ಟವರು. ಗಿಗಿರಿಯ ವಿಶ್ವಸಂಸ್ಥೆ ಕಚೇರಿಗಳಲ್ಲಿ, ಹೋಟೆಲುಗಳಲ್ಲಿ ನಡೆಯುವ ಸಭೆಗಳಲ್ಲಿ ಆ ಭಾಷೆಯ ಮಾತನ್ನು ಇಂಗ್ಲಿಷಿಗೆ, ಇಂಗ್ಲಿಷಿನದನ್ನು ಆ ಭಾಷೆಗೆ ದಾಟಿಸುವುದು ಅವರ ವೃತ್ತಿ. ಯಾವ ಭಾಷೆ ಎಂದು ಬರೆದರೆ ಯಾವ ದೇಶ ಎಂದೂ ಬರೆದಂತಾಗುತ್ತದೆ. ಬರೆಯಬೇಡ ಎಂದು ಅವರು ಕೇಳಿಕೊಂಡಿದ್ದರು. ಬರೆಯುವುದಿಲ್ಲ.

ನಾನು ಗಂಡನ ಬ್ಯಾಂಕ್ ಕೆಲಸದ ಹಿಂದೆ ಬೆಂಗಳೂರಿನಿಂದ ಬಂದವಳು. ಮೊದಲ ವಾರವೇ ತರಕಾರಿಯವನ ಜೊತೆ ಅರೆಬರೆ ಸ್ವಾಹಿಲಿಯಲ್ಲಿ ಜಗಳವಾಡುತ್ತಿದ್ದಾಗ ಹಿಂದಿನಿಂದ ಒಂದು ದನಿ ಕೇಳಿಸಿತು: "ಅವನಿಗೆ ನೀನು ಈಗ ಎಂತ ಹೇಳಿದ್ದು ಗೊತ್ತುಂಟಾ? ನಿನ್ನನ್ನೇ ಬೇಯಿಸಿಕೋ ಅಂತ." ಅಲ್ಲಿಂದ ಶುರುವಾದ ಸಲಿಗೆ.

ಕೆಲಸದಿಂದ ಬಂದ ಕೂಡಲೇ ಅವರು ಉಪ್ಪುನೀರು ಬಾಯಿಗೆ ಹಾಕಿ ಗಳಗಳ ಮಾಡಿ ಉಗಿಯುತ್ತಿದ್ದರು. ಗಂಟಲಿಗೆ ಒಳ್ಳೆಯದು ಎನ್ನುತ್ತಿದ್ದರು. ಸಭೆಯಲ್ಲಿ ಕೇಳಿದ ಒಂದು ಪಿಸುಮಾತನ್ನೂ ಹೊರಗೆ ತಂದವರಲ್ಲ. "ಸುಳ್ಳು ಹೇಳುವವನ ಸುಳ್ಳನ್ನೂ ಸರಿಯಾಗಿ ಹೇಳಬೇಕು ಮಾರಾಯ್ತಿ. ಅದು ಅವನ ಸುಳ್ಳು, ನನ್ನದಲ್ಲ" ಎಂಬುದು ಅವರ ಮಾತು.

ಒಮ್ಮೆ ನನ್ನ ಮಗಳು ಆಫ್ರಿಕಾದ ಭೂಪಟ ಬಿಡಿಸುತ್ತಾ ಕೂತಿದ್ದಳು. ಸ್ಕೇಲಿನಿಂದ ನೆಟ್ಟಗೆ ಎಳೆದ ಗಡಿಗಳನ್ನು ಮೇಡಂ ಬೆರಳಿನಿಂದ ಸವರಿ, "ಈ ಗೆರೆ ಎಳೆದವರ ಪಕ್ಕದಲ್ಲೂ ಒಬ್ಬ ದುಭಾಷಿ ಇದ್ದಾನು. ಅವನ ಹೆಸರು ಯಾವ ಪುಸ್ತಕದಲ್ಲೂ ಇಲ್ಲ ನೋಡು" ಎಂದರು. ಮಗಳು ತಲೆಯೆತ್ತದೆ, "ವಾಸ್ ಹಿ ಗಿಲ್ಟಿ ಟೂ, ಆಂಟಿ?" ಎಂದು ಕೇಳಿದಳು. ಮೇಡಂ ಭೂಪಟದ ಮೇಲಿಂದ ಬೆರಳು ತೆಗೆದರು.

ಎರಡು ಸಾವಿರದ ಹತ್ತರ ದಶಕದ ನಡುವಿನ ಮಾತು ಇದು. ಉತ್ತರದ ಕಡೆಯ ಒಂದು ದೇಶದಲ್ಲಿ ಯುದ್ಧ ನಡೆಯುತ್ತಿತ್ತು. ಸರಕಾರದ ಬೆನ್ನಿಗೆ ಒಂದು ದೊಡ್ಡ ದೇಶ, ಬಂಡುಕೋರರ ಬೆನ್ನಿಗೆ ಇನ್ನೊಂದು. ನಮ್ಮ ಮನೆಗೆಲಸಕ್ಕೆ ಬರುತ್ತಿದ್ದ ಹೆಂಗಸು ಅಲ್ಲಿಂದ ಓಡಿಬಂದವಳು. ಇಲ್ಲಿಯ ರೂಢಿಯಂತೆ ಅವಳನ್ನು ಮಾಮಾ ಎಂದೇ ಕರೆಯುತ್ತಿದ್ದೆವು. ಅವಳ ತಂಗಿ ಇನ್ನೂ ಅಲ್ಲೇ, ನದಿಯ ಪೂರ್ವ ದಂಡೆಯ ಒಂದು ಊರಿನಲ್ಲಿ, ಮೂರು ಮಕ್ಕಳು ಮತ್ತು ಮುದಿ ತಾಯಿಯ ಜೊತೆ ಇದ್ದಳು. ಆ ಊರನ್ನು ಸರಕಾರದ ಸೈನ್ಯ ಕಾಯುತ್ತಿತ್ತು.

ಅದೇ ಸಮಯಕ್ಕೆ ಆ ಎರಡು ದೊಡ್ಡ ದೇಶಗಳ ರಾಯಭಾರಿಗಳು ನೈರೋಬಿಗೆ ಬಂದು, ಗಿಗಿರಿಯ ಕಚೇರಿಗಳನ್ನು ಬಿಟ್ಟು, ಸ್ಪ್ರಿಂಗ್ ವ್ಯಾಲಿಯ ಒಂದು ಬಂಗಲೆಯಲ್ಲಿ ಕೂತರು. ಶಾಂತಿ ಮಾತುಕತೆ ಎಂದು ರೇಡಿಯೊ ಹೇಳಿತು. ಯುದ್ಧ ಮಾಡುತ್ತಿದ್ದ ಎರಡು ಕಡೆಯವರಲ್ಲಿ ಒಬ್ಬನನ್ನೂ ಕರೆದಿರಲಿಲ್ಲ. ದುಭಾಷಿಯಾಗಿ ಹೋದವರು ನಮ್ಮ ಮೇಡಂ.

ಮೂರನೆಯ ದಿನ, ಶನಿವಾರ ಮಧ್ಯಾಹ್ನ, ಅವರು ಬೇಗ ಬಂದರು. ಉಪ್ಪುನೀರಿನ ಸದ್ದು ಎದುರು ಮನೆಯಿಂದ ನಿಲ್ಲದೆ ಕೇಳಿಸುತ್ತಿತ್ತು. ಇತ್ತ ನನ್ನ ಅಡುಗೆಮನೆಯಲ್ಲಿ ಮಾಮಾ ಫೋನ್ ಕಿವಿಗೊತ್ತಿಕೊಂಡು ನಿಂತಿದ್ದಳು. ತಂಗಿ ಸಿಗ್ನಲ್ ಸಿಗುವ ದಿಬ್ಬ ಹತ್ತಿ ಮಾತಾಡುತ್ತಿದ್ದಳು. ಊರಲ್ಲಿ ಅರ್ಧ ಜನ ಹೊರಡೋಣ ಎನ್ನುತ್ತಾರೆ, ಅರ್ಧ ಜನ ಮಾತುಕತೆ ನಡೆದಿದೆ, ಸೈನ್ಯ ಇದೆ, ಇರೋಣ ಎನ್ನುತ್ತಾರೆ. ಅಕ್ಕಾ, ಏನು ಮಾಡಲಿ?

ನಾನು ಯೋಚಿಸಲಿಲ್ಲ. ಎದುರು ಮನೆಗೆ ನುಗ್ಗಿ, ವಿಷಯ ಹೇಳಿ, ಮೇಡಂ ಕೈ ಹಿಡಿದು ಎಳೆದುಕೊಂಡು ಬಂದೆ.

"ಎಂತ ಕೇಳ್ತಾ ಇದ್ದೀ ನೀನು? ನಾನು ಪ್ರಮಾಣ ಮಾಡಿದವಳು. ಗೊತ್ತುಂಟಾ ನಿನಗೆ?" ಅವರ ಗದ್ದದಿಂದ ಇನ್ನೂ ನೀರು ಇಳಿಯುತ್ತಿತ್ತು.

"ಗೊತ್ತು ಮೇಡಂ. ಏನ್ ನಡೀತು ಅಂತ ಹೇಳ್ಬೇಡಿ. ಇರ್ಬೇಕಾ ಹೋಗ್ಬೇಕಾ, ಅಷ್ಟೇ."

ಅವರು ಮಾಮಾಳ ಮುಖ ನೋಡಿದರು. ಸಿಂಕಿನ ಅಂಚು ಹಿಡಿದು ನಿಂತರು. ಆಮೇಲೆ ಫೋನ್ ಇಸಿದುಕೊಂಡು ಸ್ವಾಹಿಲಿಯಲ್ಲಿ, ಮಗ್ಗಿ ಹೇಳಿಕೊಡುವವರ ಹಾಗೆ ಬಿಡಿಸಿ ಬಿಡಿಸಿ ಹೇಳಿದರು: "ಹೊರಡಿ. ನದಿ ದಾಟಿ ಪಶ್ಚಿಮಕ್ಕೆ ಹೋಗಿ. ಲೆಯೊ. ಇವತ್ತೇ. ನಾಳೆ ಅಲ್ಲ."

ಫೋನನ್ನು ಮಾಮಾಳ ಕೈಗಿಟ್ಟು, ನನ್ನತ್ತ ನೋಡದೆ ಹೊರಟುಹೋದರು.

ನಾಲ್ಕನೆಯ ದಿನ ಸರಕಾರದ ಸೈನ್ಯ ಒಂದು ಗುಂಡೂ ಹಾರಿಸದೆ ಪೂರ್ವ ದಂಡೆ ಬಿಟ್ಟು ಹೋಯಿತು. ಐದನೆಯ ದಿನ ಬಂಡುಕೋರರು ಊರಿಗೆ ಬಂದರು. ಉಳಿದವರಲ್ಲಿ ಬದುಕಿದವರು ಇಲ್ಲವೆಂದೇ ಹೇಳಬೇಕು. ನಡೆಯಲಾಗದೆ ಮನೆಯಲ್ಲೇ ಉಳಿದಿದ್ದ ಮಾಮಾಳ ತಾಯಿಯೂ ಅಲ್ಲಿದ್ದಳು.

ತಂಗಿಯ ಮಾತು ನಂಬಿ ಒಂದು ಓಣಿಯಷ್ಟು ಜನ ದಾಟಿದ್ದರು. ಆದರೆ ಜೌಗಿನಲ್ಲಿ ನಡೆದ ಆ ಹಾದಿಯಲ್ಲಿ ಅವಳ ಕಿರಿಯ ಮಗು ಜ್ವರ ಬಂದು ಸತ್ತಿತು. ಇದನ್ನು ಮಾಮಾ ಹೇಳಿದಾಗ ಮೇಡಂ ಕೇಳಿದ್ದು ಒಂದೇ: "ಎಷ್ಟು ವಯಸ್ಸು?" ಇನ್ನೂ ಎರಡು ತುಂಬಿರಲಿಲ್ಲ.

ನಿರಾಶ್ರಿತರ ಶಿಬಿರ ಸೇರಿದವರು ತಮ್ಮನ್ನು ಹೊರಡಿಸಿದ ಕಥೆಯನ್ನು ಸಿಕ್ಕವರಿಗೆಲ್ಲ ಹೇಳಿದರು. ನೈರೋಬಿಯ ಮಾತುಕತೆಯ ಕೋಣೆಯಲ್ಲಿ ಕೂರುವ ಹೆಂಗಸೊಬ್ಬಳು ಹೇಳಿದಳಂತೆ ಎಂಬ ಸುದ್ದಿ ಸುತ್ತಿ ಸುತ್ತಿ ಸ್ಪ್ರಿಂಗ್ ವ್ಯಾಲಿಗೂ ಮುಟ್ಟಿತು. ಅಲ್ಲಿಂದ ಇಬ್ಬರು ವಿಚಾರಿಸಲು ಬರುತ್ತಾರೆಂದು ಗೊತ್ತಾದಾಗ ನಾನು ಅವರ ಕಾಲು ಹಿಡಿಯುವುದೊಂದು ಬಾಕಿ.

"ಇಲ್ಲ ಅಂದ್ಬಿಡಿ ಮೇಡಂ. ಪ್ರೂಫ್ ಏನಿದೆ ಅವರ ಹತ್ರ?"

"ಇಷ್ಟು ವರ್ಷ ಬೇರೆಯವರ ಸುಳ್ಳು ಹೇಳಿ ಸಾಕಾಗಿದೆ. ನನ್ನದೂ ಒಂದು ಯಾಕೆ?"

ಬಂದವರಿಗೆ ಅವರು ಹೌದು ಎಂದರು. ನಿಮ್ಮನ್ನು ಯಾರು ಕೇಳಿದರು ಎಂಬ ಪ್ರಶ್ನೆಗೆ ಮಾತ್ರ, ಯಾರೂ ಕೇಳಲಿಲ್ಲ, ನಾನಾಗಿಯೇ ಹೇಳಿದೆ ಎಂದರು. ನನ್ನ ಗಂಡನ ವರ್ಕ್ ಪರ್ಮಿಟ್ ಅದೇ ತಿಂಗಳು ನವೀಕರಣಕ್ಕೆ ಹೋಗಿತ್ತೆಂದು ಅವರಿಗೆ ಗೊತ್ತಿತ್ತು. ಈಚೆ ಮನೆಯಲ್ಲಿ ನಾನು ಬಾಗಿಲು ಹಾಕಿಕೊಂಡು ಕೂತಿದ್ದೆ. ಎದ್ದುಹೋಗಿ, ಕೇಳಿದವಳು ನಾನು ಎನ್ನಬಹುದಿತ್ತು. ಹೋಗಲಿಲ್ಲ.

ಮತ್ತೆ ಯಾವ ಸಭೆಯೂ ಅವರನ್ನು ಕರೆಯಲಿಲ್ಲ. ಶಾಲೆಯ ಮಕ್ಕಳಿಗೆ ಇಂಗ್ಲಿಷ್ ಪಾಠ ಹೇಳುತ್ತಾ ಎರಡು ವರ್ಷ ಕಳೆದರು. ಆಮೇಲೆ ಹೊಟ್ಟೆಯ ಕ್ಯಾನ್ಸರ್ ಎಂದು ಗೊತ್ತಾಯಿತು.

ಆಸ್ಪತ್ರೆಯಲ್ಲಿ ಒಂದು ಸಂಜೆ ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಕೈಯೆತ್ತಿ ತಡೆದರು.

"ನೀನು ಕೇಳಿದ್ದು ಒಳ್ಳೆಯದೇ ಆಯಿತು. ನನ್ನನ್ನು ಕೊರೆಯುವುದು ಅದಲ್ಲ." ದಿಂಬಿಗೆ ಒರಗಿ ಹೇಳಿದರು: "ಸರಕಾರದ ಬೆನ್ನಿಗಿದ್ದ ದೇಶದವನು ಕಡಲೆಬೀಜ ತಿನ್ನುತ್ತಾ ಹೇಳಿದ್ದು, ಪೂರ್ವ ದಂಡೆಯಲ್ಲಿ ಎಂತ ನಡೆದರೂ ನಮಗೆ ವಿಶೇಷ ಆಸಕ್ತಿ ಇಲ್ಲ ಅಂತ. ಬಂಡುಕೋರರ ಬೆನ್ನಿಗಿದ್ದವನು, ಹಾಗಾದರೆ ಪಶ್ಚಿಮದಲ್ಲಿ ನಮಗೂ ಇಲ್ಲ ಅಂದ. ಎಣ್ಣೆಬಾವಿ ಇವರಿಗೆ, ವಿಮಾನನಿಲ್ದಾಣದ ದಾರಿ ಅವರಿಗೆ. ಅಷ್ಟೇ, ಮುಗಿಯಿತು. ಆ 'ವಿಶೇಷ' ಅನ್ನುವುದಕ್ಕೆ ಒಂದು ಕ್ಷಣ ನನಗೆ ಶಬ್ದ ಸಿಗಲಿಲ್ಲ. ಮತ್ತೆ ಸಿಕ್ಕಿತು. ತುಂಬ ಸರಿಯಾದ ಶಬ್ದ. ಸಿಕ್ಕಿದಾಗ ನನಗೆ ಖುಷಿಯಾಯಿತು ಮಾರಾಯ್ತಿ. ಆ ಖುಷಿ ಉಂಟಲ್ಲ..." ಎಂದವರು ಗೋಡೆಯ ಕಡೆ ತಿರುಗಿಕೊಂಡರು.

ಹದಿನೈದು ದಿನಕ್ಕೆ ತೀರಿಕೊಂಡರು. ಮಣ್ಣಿಗೆ ಬಂದವರು ಕೈಬೆರಳೆಣಿಕೆಯ ಜನ. ಮಂಗಳೂರಿನಿಂದ ಅವರ ತಮ್ಮ, ಚರ್ಚಿನ ನಾಲ್ಕಾರು ಮಂದಿ, ನಮ್ಮ ಮಹಡಿಯವರು. ಶಿಬಿರದಿಂದ ಪರವಾನಗಿ ಪಡೆದು, ಎರಡು ಬಸ್ಸು, ಒಂದು ಮಟಾಟು ವ್ಯಾನು ಬದಲಾಯಿಸಿ ಮಾಮಾಳ ತಂಗಿ ಬರುವಷ್ಟರಲ್ಲಿ ಗುಂಡಿ ಮುಚ್ಚಿಯಾಗಿತ್ತು. ಉಳಿದ ಇಬ್ಬರು ಮಕ್ಕಳನ್ನೂ ಕರೆತಂದಿದ್ದಳು. ಹಸಿ ಮಣ್ಣಿನ ಹತ್ತಿರ ನಿಂತವಳು ಅಳಲಿಲ್ಲ.

"ಅವರ ಮುಖ ನಾನು ನೋಡಿಲ್ಲ. ನಿಮ್ಮ ಹತ್ತಿರ ಇದೆಯಾ?" ಎಂದು ನನ್ನನ್ನು ಕೇಳಿದಳು.

ನನ್ನ ಫೋನಿನಲ್ಲಿ ಒಂದು ಪಟವಿತ್ತು. ಮಗಳ ಹುಟ್ಟುಹಬ್ಬಕ್ಕೆ ತೆಗೆದದ್ದು. ಗಿಡ್ಡ ಮೈ, ಬಣ್ಣ ಮಾಸಿದ ಸ್ವೆಟರ್, ಕೈಯಲ್ಲಿ ಕೇಕಿನ ತಟ್ಟೆ. ಅವಳು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಮಕ್ಕಳಿಗೂ ತೋರಿಸಿದಳು.

"ನಾನು ಯಾರೋ ದೊಡ್ಡವರು ಅಂದುಕೊಂಡಿದ್ದೆ" ಎಂದಳು.