ಓಣಿಯ ನಡುವೆ ಹಾದ ಗೆರೆ

ಅಂದು ಸವಣೂರಿನ ಪುರಸಭೆಯಲ್ಲಿ ನಡೆದ ಸಭೆಗೆ ನಾನು ಹೋಗಿದ್ದೆನೋ, ಇಲ್ಲ ಚಿಗವ್ವನ ಬಾಯಲ್ಲಿ ಕೇಳಿ ಕೇಳಿ ಹೋಗಿದ್ದೆನೆಂದು ನಂಬಿಕೊಂಡಿದ್ದೇನೋ, ಖಾತ್ರಿಯಾಗಿ ಹೇಳಲಾರೆ. ಸಾಲಾಗಿ ಹಾಕಿದ ಕುರ್ಚಿಗಳು ಕಾಣುತ್ತವೆ, ಗೋಡೆಯ ಮೇಲಿನ ನಕ್ಷೆ ಕಾಣುತ್ತದೆ. ತೊಂದರೆಯೆಂದರೆ ಆ ಚಿತ್ರದಲ್ಲಿ ನಾನೂ ಕಾಣುತ್ತೇನೆ, ಬಿಳಿ ಅಂಗಿ ತೊಟ್ಟು ಬಾಗಿಲ ಹತ್ತಿರ ನಿಂತಿರುತ್ತೇನೆ. ನಮ್ಮನ್ನು ನಾವೇ ಹೊರಗಿನಿಂದ ನೋಡುವ ನೆನಪನ್ನು ನಂಬಬಾರದೆಂದು ಧಾರವಾಡದಲ್ಲಿ ಎಂ.ಎ. ಮಾಡುವಾಗ ಓದಿದ್ದೆ. ಯಾವ ಪುಸ್ತಕದಲ್ಲಿ ಎಂಬುದು ಮರೆತಿದೆ.

ಇದೆಲ್ಲ ಮತ್ತೆ ತಲೆಗೆ ಬಂದದ್ದು ಹೋದ ತಿಂಗಳು. ಈಗ ನಾನಿರುವ ಹಾನಗಲ್ಲಿನಲ್ಲಿ ನಳದ ಅರ್ಜಿ ಕೊಡಲು ಪುರಸಭೆಗೆ ಹೋಗಿದ್ದೆ. ಗೋಡೆಗೆ ಹೊಸ ವಾರ್ಡುಗಳ ನಕ್ಷೆಯನ್ನು ಆಗಷ್ಟೇ ಅಂಟಿಸಿದ್ದರು, ಅಂಟಿನ ವಾಸನೆ ಇನ್ನೂ ಇತ್ತು. ಹಿರಿಯರೊಬ್ಬರು ಅದರ ಮೇಲೆ ಬೆರಳು ಓಡಿಸುತ್ತಿದ್ದವರು ನನ್ನ ಕಡೆ ತಿರುಗಿ, "ನಾ ಎಲ್ಲಿ ಅದೇನಿ, ಒಂಚೂರು ನೋಡ್ರಿ" ಅಂದರು. ನಾನೂ ಹುಡುಕಿದೆ. ಸಿಗಲಿಲ್ಲ.

ವಾರ್ಡುಗಳ ಗಡಿ ಬದಲಿಸುವುದನ್ನು ನೀವೂ ಕಂಡಿರಬಹುದು. ಊರು ಬೆಳೆಯುತ್ತದೆ, ಎಲ್ಲ ವಾರ್ಡುಗಳಲ್ಲೂ ಹೆಚ್ಚೂಕಡಿಮೆ ಒಂದೇ ಸಮ ಜನ ಇರಲಿ ಎಂದು ಗೆರೆಗಳನ್ನು ಹೊಸದಾಗಿ ಎಳೆಯುತ್ತಾರೆ. ಮೊದಲು ಕರಡು, ಆಮೇಲೆ ಜನರ ಆಕ್ಷೇಪಣೆ, ಕೊನೆಗೆ ಆದೇಶ. ಸವಣೂರಿನಲ್ಲಿ ಅದು ನಡೆದಾಗ ನಾನು ಶಿಗ್ಗಾಂವಿಯ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಪಾಠ ಹೇಳುತ್ತಿದ್ದೆ. ಜನರನ್ನು ಕೇಳುವುದು ಕೇಳಿದಂತೆ ತೋರಿಸಲಿಕ್ಕೆ ಮಾತ್ರ ಎಂದು ಹೇಳಿ ತರಗತಿಯನ್ನು ನಗಿಸುತ್ತಿದ್ದೆ.

ಚಿಗವ್ವ ಎಂದರೆ ನಮ್ಮವ್ವನ ತಂಗಿ, ಬಸವ್ವ; ಓಣಿಯವರ ಬಾಯಲ್ಲಿ ಬಸಕ್ಕ. ಅವಳ ಓಣಿ ಸವಣೂರಿನ ದೊಡ್ಡ ರಸ್ತೆಯಿಂದ ಹಳ್ಳದ ಕಡೆಗೆ ಇಳಿಯುತ್ತದೆ. ಮೇಲಿನ ತುದಿಯಲ್ಲಿ ಅವಳ ಮನೆ. ಎದುರು ಸಾಲಿನಲ್ಲಿ, ಕೆಳಗಿನ ತುದಿಗೆ, ಹಸೀನಾಬಿಯ ಮನೆ. ಹಸೀನಾಬಿ ಹಳೆ ಸೀರೆಗಳನ್ನು ಪದರ ಹಾಕಿ ಕೌದಿ ಹೊಲಿದು ಬದುಕುವವಳು. ಮಳೆ ಜೋರಾದರೆ ಓಣಿಯ ಗಟಾರವೆಲ್ಲ ಉಕ್ಕಿ ಅವಳ ಹೊಸ್ತಿಲು ದಾಟುತ್ತಿತ್ತು. ಹೊಲಿದಿಟ್ಟ ಕೌದಿಗಳು ನೆನೆದು ಕೂರುತ್ತಿದ್ದವು. ನೆನೆದ ಕೌದಿಯೊಂದನ್ನು ನಾನೊಮ್ಮೆ ಶೂರನಂತೆ ಎತ್ತಲು ಹೋಗಿ ಸೊಂಟ ಹಿಡಿಸಿಕೊಂಡಿದ್ದೇನೆ. ಈ ನೆನಪಿನ ಬಗ್ಗೆ ಅನುಮಾನವಿಲ್ಲ, ಸೊಂಟ ಇನ್ನೂ ನೋಯುತ್ತದೆ.

ಗಟಾರ ಕಟ್ಟಿಸಿಕೊಡಿ ಎಂದು ಎರಡೂ ಸಾಲಿನವರು ಸೇರಿ ವಾರ್ಡಿನ ಸದಸ್ಯನ ಬೆನ್ನು ಹತ್ತಿದ್ದರು. ಅವನು ಹೂಂ ಎನ್ನುವ ಹೊತ್ತಿಗೆ ಕರಡು ಹೊರಬಿತ್ತು. ಗೆರೆ ಓಣಿಯ ನಟ್ಟನಡುವೆ, ಗಟಾರದ ಮೇಲೆಯೇ ಹಾದಿತ್ತು. ಚಿಗವ್ವನ ಸಾಲು ಒಂದು ವಾರ್ಡಿಗೆ, ಹಸೀನಾಬಿಯ ಸಾಲು ಇನ್ನೊಂದಕ್ಕೆ.

"ಇನ್ನ ಈ ಮೆಂಬರ್ ಆ ಮೆಂಬರ್ ಕಡೆ ಕೈ ತೋರಸ್ತಾನ, ಆಂವ ಈ ಕಡೆ ತೋರಸ್ತಾನ. ನಾ ನಡಬರಕ ಕೌದಿ ಹಿಂಡಕೋಂತ ಕುಂದರ್ತೇನಿ" ಅಂದಳು ಹಸೀನಾಬಿ.

ಗೆರೆ ಎಳೆದವರನ್ನು ಬೈಯುವುದು ಸುಲಭ. ಆದರೆ ಕಾಗದದ ಮೇಲೆ ರಸ್ತೆಗಿಂತ ಚೊಕ್ಕ ಗಡಿ ಇನ್ನಾವುದು ಸಿಕ್ಕೀತು? ಸಂಜೆಯಾದರೆ ಆ ಓಣಿಯಲ್ಲಿ ಈ ಕಟ್ಟೆಯಿಂದ ಆ ಕಟ್ಟೆಗೆ ಮಾತು, ಮುಚ್ಚಿದ ತಾಟು, ಅಳುವ ಕೂಸು ದಾಟುತ್ತಲೇ ಇರುತ್ತವೆ. ಅದು ನಕ್ಷೆಯಲ್ಲಿ ಬರುವ ಸಂಗತಿಯಲ್ಲ.

ಆಕ್ಷೇಪಣೆ ಬರೆಯಲು ಚಿಗವ್ವನ ಸಾಲಿನವರು ನನ್ನನ್ನು ಕರೆಸಿದರು. ಅವರು ಹೇಳಿದ್ದನ್ನು ನಾನು ಚೆಂದದ ಭಾಷೆಯಲ್ಲಿ ಬರೆದುಕೊಟ್ಟೆ: ಎದುರು ಸಾಲಿನವರಿಗೆ ತ್ರಾಸು ಕೊಡುವುದು ಬೇಡ, ನಮ್ಮನ್ನೇ ಅವರ ವಾರ್ಡಿಗೆ ಸೇರಿಸಿ. ಈ ಸಂಗತಿಯನ್ನು ಎದುರಿನವರಿಗೆ ತಿಳಿಸಲಿಲ್ಲ. ತಿಳಿಸಿದರೆ ಅವರು ಸಂಕೋಚಪಟ್ಟು ಬೇಡವೆನ್ನುತ್ತಾರಂತೆ. ಎದುರು ಸಾಲಿನವರು ಅದೇ ಸಂಕೋಚದಿಂದ, ನಮಗೆ ತಿಳಿಸದೆ, ಹಸೀನಾಬಿಯ ಅಳಿಯನ ಕೈಯಿಂದ ತಮ್ಮದೊಂದು ಅರ್ಜಿ ಬರೆಸಿದ್ದರು: ಬಸಕ್ಕನ ಸಾಲಿನವರನ್ನು ಕದಲಿಸಬೇಡಿ, ನಮ್ಮನ್ನೇ ಅವರ ವಾರ್ಡಿಗೆ ಸೇರಿಸಿ.

ಸಭೆಯಲ್ಲಿ ಅಧಿಕಾರಿ ಎರಡನ್ನೂ ಓದಿ ಕನ್ನಡಕ ತೆಗೆದಿಟ್ಟರು.

"ಎರಡೂ ಒಪ್ಪಿದ್ನಿ ಅಂತ ಇಟ್ಕೋರಿ. ನೀವು ಅಲ್ಲಿಗೆ ಹೋದ್ರಿ, ಅವ್ರು ಇಲ್ಲಿಗೆ ಬಂದ್ರು. ಮತ್ತ ಬ್ಯಾರೇನ ಆದ್ರೆಲ್ರಿ!"

ಕೋಣೆಯೆಲ್ಲ ನಕ್ಕಿತು. ಚಿಗವ್ವ ಮಾತ್ರ ಗಂಭೀರವಾಗಿ, "ನಗಬ್ಯಾಡ್ರಿ ಸಾಹೇಬ್ರ. ನಮ್ಮದು ಬರದಾಂವ ಎಂ.ಎ. ಆಗ್ಯಾನ" ಅಂದಳು. ಆಗ ಇನ್ನೂ ನಕ್ಕರು.

ನಗೆ ತಣ್ಣಗಾದ ಮೇಲೆ ಅಧಿಕಾರಿ ವಿಷಯಕ್ಕೆ ಬಂದರು. ಓಣಿಯನ್ನು ಒಡೆಯದೆ ಹಸೀನಾಬಿಯ ವಾರ್ಡಿಗೇ ಹಾಕಬಹುದು. ಆದರೆ ಅಲ್ಲಿ ಜನ ಹೆಚ್ಚಾಗುತ್ತಾರೆ. ಯಾವುದಾದರೂ ಒಂದು ತುದಿಯ ಕೆಲವು ಮನೆಗಳನ್ನು ಪಕ್ಕದ ವಾರ್ಡಿಗೆ ಬಿಡಬೇಕು. "ಯಾರು ಹೊರಗ ಹೋಗ್ತೀರಿ, ನೀವ ಹೇಳ್ರಿ" ಅಂದರು. ಈಗ ಯಾರೂ ನಗಲಿಲ್ಲ. ಹೊರಗೆ ಹೋದವರ ಮುಂದೆ ಗಟಾರ ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

ಇಲ್ಲಿಂದ ಮುಂದೆ ನನ್ನ ನೆನಪನ್ನು ನಂಬಿ ನೀವು ಕೆಡಬೇಡಿ. ನನ್ನ ತಲೆಯಲ್ಲಿರುವಂತೆ, ಚಿಗವ್ವ ಸೆರಗು ಸರಿಮಾಡಿಕೊಂಡು ಎದ್ದು, "ಮ್ಯಾಲಿನ ತುದಿ ತಗೀರಿ, ನಮ್ಮನಿ ಮೊದಲ ತಗೀರಿ. ನಮ್ಮದು ಎತ್ತರದಾಗೈತಿ, ನೀರಿನ ಕಾಟ ಇಲ್ಲ" ಅಂದಳು. ಇದನ್ನು ನಾನು ತರಗತಿಗಳಲ್ಲಿ ಎಷ್ಟು ಸಲ ಹೇಳಿದ್ದೇನೆಂದರೆ, ಹೇಳುತ್ತ ಹೇಳುತ್ತ ಸೆರಗನ್ನು ನಾನೇ ಸೇರಿಸಿರಬಹುದು. ಆದೇಶ ಬಂದಾಗ ಹೊರಗೆ ಹೋದದ್ದಂತೂ ಮೇಲಿನ ತುದಿಯ ಮನೆಗಳೇ.

ಹಾನಗಲ್ಲಿನಲ್ಲಿ ಆ ನಕ್ಷೆ ನೋಡಿದ ಮರುದಿನವೇ ಸವಣೂರಿನ ಬಸ್ಸು ಹತ್ತಿದೆ. ಚಿಗವ್ವ ಹಸೀನಾಬಿಯ ಮನೆಯಲ್ಲಿ ಕುಳಿತು ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದಳು. ಅಂದು ಎದ್ದು ನಿಂತವರು ಯಾರು ಎಂದು ಕೇಳಿದೆ.

"ನಾ ಯಾಕ ಏಳ್ಲಿ ತಮ್ಮಾ? ಈ ಹಸೀನಾನ ಅಂದ್ಲು, ಬಸಕ್ಕನ್ನ ಹೊರಗ ಹಾಕ್ರಿ, ಬಾಳ ಒದರ್ತಾಳ ಅಂತ."

"ತೋಬಾ ತೋಬಾ! ಆಕೀನ ಎದ್ದ ನಿಂತ್ಲು. ಕುಂದರ ಬಸಕ್ಕಾ ಅಂತ ನಾ ಸೀರಿ ಹಿಡದ ಜಗ್ಗಿದೆ. ಪರ್ರ್ ಅಂತ ಹರೀತು."

"ಆ ಸೀರಿ ಹರದದ್ದು ಹತ್ತಿಮತ್ತೂರ ಮದವ್ಯಾಗ. ಸುಳ್ಳ ಹೇಳಾಕ ನಾಚಿಕಿ ಇಲ್ಲ ನಿನಗ."

"ನಾನೂ ಅಲ್ಲೇ ಇದ್ದೆನಲ್ಲ?" ಎಂದೆ.

"ನೀ ಎಲ್ಲಿದ್ದಿ? ಹೊರಗ ಚಾ ಕುಡ್ಯಾಕತ್ತಿದ್ದಿ" ಅಂದರು ಇಬ್ಬರೂ. ಇಡೀ ಸಭೆಯ ಬಗ್ಗೆ ಅವರಿಬ್ಬರಲ್ಲಿ ಒಮ್ಮತವಿದ್ದದ್ದು ಇದೊಂದರಲ್ಲಿ.

ಜನರನ್ನು ಕೇಳುವುದು ಬರೀ ತೋರಿಕೆ ಎಂಬ ಆ ಹಳೆಯ ಚೇಷ್ಟೆಯ ಮಾತನ್ನು ಇನ್ನು ಹೇಳಲಾರೆ. ಕೇಳುವುದರಿಂದ ಎಲ್ಲ ಸರಿಹೋಗುತ್ತದೆ ಎಂದೂ ಹೇಳಲಾರೆ. ಮಾತಿನ ನಡುವೆ ಹೊರಗೆ ಮಳೆ ಹಿಡಿದುಕೊಂಡಿತು, ಜೋರು ಮಳೆ. ನಾನು ಸವಣೂರಿಗೆ ಹೋಗುತ್ತಿದ್ದದ್ದು ಹೆಚ್ಚಾಗಿ ಬೇಸಿಗೆಯ ರಜೆಯಲ್ಲಿ. ಈ ಓಣಿಯನ್ನು ಮಳೆಯಲ್ಲಿ ಮೇಲಿನವರೆಗೆ ನಡೆದು ನೋಡಿರಲೇ ಇಲ್ಲ. ಕೊಡೆ ಇಸಿದುಕೊಂಡು ಹೊರಟೆ. ಹಸೀನಾಬಿಯ ಹೊಸ್ತಿಲು ಒಣಗಿತ್ತು. ಚಪ್ಪಡಿ ಮುಚ್ಚಿದ ಹೊಸ ಗಟಾರದೊಳಗೆ ನೀರು ಸದ್ದು ಮಾಡುತ್ತ ಹಳ್ಳಕ್ಕೆ ಇಳಿಯುತ್ತಿತ್ತು. ಅದರ ಗುಂಟ ಮೇಲೆ ಹತ್ತಿದೆ.

ಎದ್ದವರು ಯಾರೋ, ಸೀರೆ ಜಗ್ಗಿದವರು ಯಾರೋ, ನನಗೆ ಗೊತ್ತಿಲ್ಲ. ಇಷ್ಟನ್ನು ಮಾತ್ರ ಕಣ್ಣಾರೆ ನೋಡಿ ಬಂದಿದ್ದೇನೆ. ಹೊಸ ಗಟಾರ ಚಿಗವ್ವನ ಗೋಡೆಗಿಂತ ಈಚೆಗೇ ನಿಂತುಬಿಡುತ್ತದೆ. ಅಲ್ಲಿಂದ ಮೇಲೆ ಹಳೆಯ ಮಣ್ಣಿನ ಕಾಲುವೆ. ದೊಡ್ಡ ರಸ್ತೆಯ ನೀರು ಅವಳ ಮೆಟ್ಟಿಲ ಮುಂದೆ ಬಂದು ನಿಲ್ಲುತ್ತದೆ, ಅವಳು ಇಟ್ಟುಕೊಂಡ ಇಟ್ಟಂಗಿಗಳ ಮೇಲೆ ಕಾಲಿಟ್ಟೇ ಒಳಗೆ ಹೋಗಬೇಕು.